ಫಿನ್ಲೆಂಡಿನ ಒಂದು ಕ್ರಿಯಾಪದ ಮತ್ತು ನಮ್ಮೂರ ದನದ ದಾರಿ

ತೊಗರಿ ರಾಶಿಯ ಕೆಲಸವೆಲ್ಲ ಮುಗಿದು, ಕಲಬುರಗಿಯ ಬಿಸಿಲು ಇನ್ನೂ ಏರದಿದ್ದ ದಿನಗಳಲ್ಲಿ, ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಎಂಜಿನಿಯರ್ ಆಗಿರುವ ನನ್ನ ಅಣ್ಣನ ಮಗ ಒಂದು ಫೋಟೊ ಕಳುಹಿಸಿದ್ದನು. ಅದು ಅಲ್ಲಿ ಅವನಿಗೆ ಹೊಸದಾಗಿ ದೊರೆತ ವಾಹನ ಚಾಲನಾ ಪರವಾನಗಿಯ ಕಾರ್ಡು. ಕೆಳಗೆ ನಮ್ಮ ಮಾತಿನಲ್ಲಿಯೇ ಬರೆದಿದ್ದನು: "ಕಾಕಾ, ಇನ್ನ ಮ್ಯಾಲ ಇಲ್ಲಿ ಗಾಡಿ ಚಲಾಸ್ಲಾಕ ಅಡ್ಡಿ ಇಲ್ಲ ನೋಡ್ರಿ. ಈ ಕಾರ್ಡಿನ ಮ್ಯಾಗಿನ ಹೆಸರು ಎಲ್ಲಿಂದ ಬಂತು, ಅದನ್ನ ನೀವು ಹೇಳ್ರಿ." ಬಹಳ ವರ್ಷ ಕನ್ನಡ ವ್ಯಾಕರಣ ಪಾಠ ಹೇಳಿದವನಾದ್ದರಿಂದ, ಮನೆಯಲ್ಲಿ ಯಾರಿಗೆ ಯಾವ ಪದದ ಹುಟ್ಟು ಬೇಕಾದರೂ ನನ್ನನ್ನೇ ಕೇಳುವುದು ರೂಢಿ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಸುಮಾರು ಎರಡು ತಿಂಗಳು ಹಿಡಿದವು.

ಕಾರ್ಡಿನ ಮೇಲೆ ಎರಡು ಭಾಷೆಗಳಲ್ಲಿ ಹೆಸರಿತ್ತು, ಏಕೆಂದರೆ ಫಿನ್ಲೆಂಡು 1809ರವರೆಗೆ ಶತಮಾನಗಳ ಕಾಲ ಸ್ವೀಡನ್ನಿನ ಆಡಳಿತದಲ್ಲಿದ್ದ ನಾಡು, ಇಂದಿಗೂ ಅಲ್ಲಿ ಫಿನ್ನಿಶ್ ಮತ್ತು ಸ್ವೀಡಿಷ್ ಎರಡೂ ಅಧಿಕೃತ ಭಾಷೆಗಳು. ಅವುಗಳಲ್ಲಿ ಫಿನ್ನಿಶ್ ಹೆಸರು "ಅಯೊಕೊರ್ತ್ತಿ". ಇದನ್ನು ಬಿಡಿಸಿದರೆ "ಅಯೊ" ಎಂದರೆ ಗಾಡಿ ನಡೆಸುವಿಕೆ, "ಕೊರ್ತ್ತಿ" ಎಂದರೆ ಕಾರ್ಡು. ಎರಡನೆಯ ಪದ ಸ್ವೀಡಿಷಿನಿಂದ ಬಂದದ್ದೆಂದು ಯಾರಿಗಾದರೂ ಕೂಡಲೇ ಹೊಳೆಯುತ್ತದೆ. ಮೊದಲ ಪದವಾದರೂ ಅಪ್ಪಟ ಫಿನ್ನಿಶ್ ಇರಬಹುದೆಂದು ನಾನು ಎಣಿಸಿದ್ದೆ. ಅದು "ಅಯಾ" ಎಂಬ ಕ್ರಿಯಾಪದದಿಂದ ಆದ ನಾಮಪದ, ಮತ್ತು ಆ "ಅಯಾ" ಕೂಡ ಸಾಲದ ಪದವೇ. ವ್ಯತ್ಯಾಸವಿಷ್ಟೇ: ಒಂದು ಸಾಲ ಕೆಲವು ಶತಮಾನಗಳ ಹಿಂದಿನದು, ಇನ್ನೊಂದು ಸುಮಾರು 4,000 ವರ್ಷಗಳ ಹಿಂದಿನದು ಅಥವಾ ಅದಕ್ಕೂ ಹಳೆಯದು. ನಮ್ಮ "ವಾಹನ ಚಾಲನಾ ಪರವಾನಗಿ"ಯನ್ನು ಹೀಗೆಯೇ ಬಿಡಿಸಿದರೆ ವಾಹನ, ಚಾಲನೆ ಎರಡೂ ಸಂಸ್ಕೃತದವು, ಪರವಾನಗಿ ಫಾರಸಿಯದು. ಆದರೂ ಅದನ್ನು ನಾವು ಕನ್ನಡವೆಂದೇ ಓದುತ್ತೇವೆ, ಮತ್ತು ಅದು ಕನ್ನಡವೇ ಹೌದು.

"ಅಯಾ" ಎಂಬುದರ ಮೊದಲ ಅರ್ಥ ನಡೆಸು, ಅಟ್ಟು, ಹೊಡೆದುಕೊಂಡು ಹೋಗು. ಕಾರು ನಡೆಸುವುದಕ್ಕೂ, ಸೈಕಲ್ ಹೊಡೆಯುವುದಕ್ಕೂ, ಬೇಟೆಯ ಪ್ರಾಣಿಯನ್ನು ಬೆನ್ನಟ್ಟುವುದಕ್ಕೂ, ಗಡ್ಡ ಬೋಳಿಸುವುದಕ್ಕೂ, ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ನಡೆಸುವುದಕ್ಕೂ ಫಿನ್ನಿಶ್ ಜನರು ಇದೊಂದೇ ಕ್ರಿಯಾಪದವನ್ನು ಬಳಸುತ್ತಾರೆ. ರೋಮನ್ ಲಿಪಿಯಲ್ಲಿ ಇದರ ನಡುವಿನ ಅಕ್ಷರವನ್ನು ನಾವು ಜಕಾರವೆಂದು ಓದಿಬಿಡುತ್ತೇವೆ, ಫಿನ್ನಿಶ್‌ನಲ್ಲಿ ಅದು ಯಕಾರ. ನಾನೂ ಮೊದಲು "ಅಜಾ" ಎಂದೇ ಓದಿಕೊಂಡೆ, ಹಾಗೆ ಓದಿದ ಕ್ಷಣವೇ ಸಂಸ್ಕೃತದ "ಅಜತಿ" ನೆನಪಾಯಿತು. ಅಜತಿ ಎಂದರೆ ಅಟ್ಟುತ್ತಾನೆ, ಓಡಿಸುತ್ತಾನೆ. ಪಾಣಿನಿಯ ಪರಂಪರೆಯ ಧಾತುಪಾಠದಲ್ಲಿ ಈ ಧಾತುವಿಗೆ "ಗತಿಕ್ಷೇಪಣಯೋಃ" ಎಂದು, ಅಂದರೆ ಚಲಿಸುವುದು ಮತ್ತು ಎಸೆಯುವುದು ಎಂದು, ಅರ್ಥ ಹೇಳಿದೆ. ಉಚ್ಚಾರಣೆ ಯಕಾರವೆಂದು ತಿಳಿದಾಗ, ನನ್ನ ಹೋಲಿಕೆ ಬರೀ ಲಿಪಿಯ ಭ್ರಮೆಯಾಗಿತ್ತೇ ಎಂದು ಅದನ್ನು ಕೈಬಿಡುವವನಿದ್ದೆ.

ಈ ಎಚ್ಚರಿಕೆಗೆ ಕಾರಣವಿದೆ. ಎರಡು ದೂರದ ಭಾಷೆಗಳ ನಡುವೆ ದನಿ ಹೋಲುವ ನಾಲ್ಕು ಪದಗಳನ್ನು ಹೆಕ್ಕಿ ಸಂಬಂಧ ಕಟ್ಟುವುದು ಬಹಳ ಸುಲಭ, ಅದರಲ್ಲಿಯೂ ಫಿನ್ನಿಶ್ ಮತ್ತು ಕನ್ನಡದ ನಡುವೆ ಈ ಆಸೆಗೆ ಹಳೆಯ ಇತಿಹಾಸವೇ ಇದೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಅವರು, ನಮ್ಮ ಭಾಷೆಗಳಿಗೆ ತಾವು "ಸಿಥಿಯನ್" ಎಂದು ಕರೆದ ಗುಂಪಿನೊಂದಿಗೆ ನಂಟಿದೆ ಎಂದು ಬಗೆದಿದ್ದರು, ಆ ಗುಂಪಿನಲ್ಲಿ ಫಿನ್ನಿಶ್ ಕೂಡ ಇತ್ತು. ನಾಮಪದದ ಕೊನೆಗೆ ಪ್ರತ್ಯಯಗಳು ಒಂದರ ಬೆನ್ನಿಗೊಂದು ಅಂಟಿಕೊಳ್ಳುವ ರೀತಿ ಎರಡೂ ಕಡೆ ಇರುವುದು ನಿಜ. ಫಿನ್ನಿಶ್‌ನಲ್ಲಿ "ತಲೊ" ಎಂದರೆ ಮನೆ, "ತಲೊಸ್ಸ" ಎಂದರೆ ಮನೆಯಲ್ಲಿ. ಆದರೆ ಇಂದಿನ ಭಾಷಾವಿಜ್ಞಾನ ಆ ರಕ್ತಸಂಬಂಧವನ್ನು ಒಪ್ಪುವುದಿಲ್ಲ. ಫಿನ್ನಿಶ್ ಯುರಾಲಿಕ್ ಕುಟುಂಬದ್ದು, ಎಸ್ಟೋನಿಯನ್ ಅದಕ್ಕೆ ಹತ್ತಿರದ ಬಂಧು, ಹಂಗೇರಿಯನ್ ದೂರದ ಬಂಧು. ಕನ್ನಡ ದ್ರಾವಿಡ, ಸಂಸ್ಕೃತ ಇಂಡೋ-ಯೂರೋಪಿಯನ್. ಹೀಗೆ ಮೂರೂ ಬೇರೆ ಬೇರೆ ಮನೆತನಗಳು. ಆದ್ದರಿಂದ "ಅಯಾ" ಮತ್ತು "ಅಜತಿ" ಒಂದೇ ಆಗಿದ್ದರೆ ಅದಕ್ಕೆ ರಕ್ತಸಂಬಂಧ ಕಾರಣವಾಗಿರಲಾರದು. ಎಂದೋ ಒಂದು ಕಾಲದಲ್ಲಿ ಆ ಎರಡು ಜನಾಂಗಗಳು ಅಕ್ಕಪಕ್ಕದಲ್ಲಿ ಬಾಳಿರಬೇಕು.

ಹಾಗೆ ಬಾಳಿದ್ದವೆಂಬುದಕ್ಕೆ ಸಾಕ್ಷಿ ಒಂದೇ ಪದವಾಗಿದ್ದರೆ ನಾನು ನಂಬುತ್ತಿರಲಿಲ್ಲ. ಫಿನ್ನಿಶ್‌ನಲ್ಲಿ ನೂರಕ್ಕೆ "ಸತ" ಎನ್ನುತ್ತಾರೆ, ಇದು ನಮ್ಮ ಶತಮಾನದಲ್ಲಿರುವ ಶತವೇ. ಸುತ್ತಿಗೆಗೆ "ವಸರ" ಎನ್ನುತ್ತಾರೆ, ಇದು ಇಂದ್ರನ ವಜ್ರಾಯುಧದ ವಜ್ರ. ಹಂದಿಮರಿಗೆ "ಪೊರ್ಸಸ್", ಹಸುವಿನ ಕೆಚ್ಚಲಿಗೆ "ಉತರ್" ಎಂಬ ಬುಡದಿಂದ ಬಂದ ಪದ (ಸಂಸ್ಕೃತದಲ್ಲಿ ಊಧರ್), ಜೇನುಹುಳಕ್ಕೆ ಸಂಸ್ಕೃತದ ಮಕ್ಷಿಕೆಯ ಕಡೆಯ ಹೆಸರು. ಗುಲಾಮನಿಗೆ "ಒರ್ಯ" ಎನ್ನುವುದನ್ನು ಆರ್ಯ ಎಂಬ ಜನರ ಹೆಸರಿನಿಂದ ಬಂದದ್ದೆಂದು ವಿದ್ವಾಂಸರು ವಿವರಿಸುತ್ತಾರೆ, ಯುದ್ಧದಲ್ಲಿ ಸೆರೆಸಿಕ್ಕವರನ್ನು ಅವರ ಕುಲದ ಹೆಸರಿನಿಂದಲೇ ಕರೆದ ಕಾಲದ ನೆನಪು ಅದು. ಪಟ್ಟಿಯನ್ನು ಇನ್ನೂ ಬೆಳೆಸಬಹುದು. ನನ್ನ ಮನಸ್ಸಿಗೆ ನಾಟಿದ್ದು ಅದರಲ್ಲಿ ಕಾಣುವ ಬದುಕು: ದನ, ಕೆಚ್ಚಲು, ಹಂದಿ, ಜೇನು, ಸುತ್ತಿಗೆ, ಲೆಕ್ಕ, ಸೆರೆಯಾಳು. ದೇವತೆಗಳ ಸ್ತುತಿಗಿಂತ ಕೊಟ್ಟಿಗೆಯ ಮತ್ತು ಸಂತೆಯ ಮಾತುಗಳೇ ಹೆಚ್ಚು. ನಮ್ಮಲ್ಲಿಯೂ ನೂರು ಎಂಬುದು ಮನೆಯ ಮಾತಾದರೆ ಸಾವಿರ ಎಂಬುದು ಸಹಸ್ರದಿಂದ ಬಂದದ್ದು.

ಈ ನೆರೆಹೊರೆಯ ಬದುಕು ನಡೆದದ್ದು ಯುರಾಲ್ ಪರ್ವತಗಳ ಸುತ್ತಮುತ್ತ, ಕಾಡು ಮುಗಿದು ಹುಲ್ಲುಗಾವಲು ತೊಡಗುವ ಅಂಚಿನಲ್ಲಿ ಎಂದು ತಜ್ಞರಲ್ಲಿ ಬಹುಮಂದಿ ಭಾವಿಸುತ್ತಾರೆ. ಆ ಪರ್ವತಗಳ ದಕ್ಷಿಣದ ತುದಿಯಲ್ಲಿರುವ ಸಿಂತಾಶ್ತಾ ಎಂಬ ಸ್ಥಳದ ಸಂಸ್ಕೃತಿ ಕ್ರಿಸ್ತಪೂರ್ವ 2100ರಿಂದ 1800ರ ಸುಮಾರಿನದು, ಅಲ್ಲಿನ ಗೋರಿಗಳಲ್ಲಿ ಅರೆಕಾಲುಗಳುಳ್ಳ ಗಾಲಿಯ ರಥಗಳ ಅತಿ ಪ್ರಾಚೀನ ಕುರುಹುಗಳು ದೊರೆತಿವೆ. ಸಂಸ್ಕೃತಕ್ಕೂ ಪ್ರಾಚೀನ ಇರಾನಿನ ಭಾಷೆಗಳಿಗೂ ಪೂರ್ವಜವಾದ ಇಂಡೋ-ಇರಾನಿಯನ್ ನುಡಿಯನ್ನು ಆಡುತ್ತಿದ್ದವರು ಸಿಂತಾಶ್ತಾದ ಜನರೇ ಇರಬೇಕೆಂಬುದು ಪ್ರಬಲವಾದ ಅಭಿಪ್ರಾಯ. ಉತ್ತರದ ಕಾಡಿನಲ್ಲಿ ಬೇಟೆಯಾಡಿ, ಮೀನು ಹಿಡಿದು ಬದುಕುತ್ತಿದ್ದ ಯುರಾಲಿಕ್ ನುಡಿಯವರಿಗೆ ದನದ ಹಿಂಡು, ಕುದುರೆ, ಗಾಡಿ ಎಲ್ಲವೂ ಈ ನೆರೆಯವರ ಕೈಯಲ್ಲಿ ಕಂಡಿರಬೇಕು. ಹೆಲ್ಸಿಂಕಿ ವಿಶ್ವವಿದ್ಯಾಲಯದ ಆಸ್ಕೊ ಪರ್ಪೊಲ ಅವರು ಈ ಸಂಪರ್ಕದ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಸಿಂಧೂ ಲಿಪಿಯ ಹಿಂದಿರುವುದು ದ್ರಾವಿಡ ಭಾಷೆ ಎಂದು ವಾದಿಸಿದ ವಿದ್ವಾಂಸರೂ ಅವರೇ ಆದ್ದರಿಂದ ನಮ್ಮ ಕಡೆಯ ಓದುಗರಿಗೆ ಆ ಹೆಸರು ಹೊಸದಲ್ಲ.

ಇನ್ನು ನನ್ನನ್ನು ಕಾಡಿದ ಯಕಾರದ ಪ್ರಶ್ನೆ. ಕನ್ನಡದಲ್ಲಿ ಪಾಲು ಹಾಲಾಯಿತು, ಪಾವು ಹಾವಾಯಿತು, ಪೊಡೆ ಹೊಡೆಯಾಯಿತು. ಇವೆಲ್ಲ ಒಂದೇ ನಿಯಮಕ್ಕೆ ಒಳಪಟ್ಟು ನಡೆದವು, ಇಂಥ ನಿಯಮವೇ ಪದದ ಹುಟ್ಟನ್ನು ಹೇಳುವುದಕ್ಕೆ ಆಧಾರ. ಅಜತಿಯ ಜಕಾರವೂ ವಜ್ರದ ಜಕಾರವೂ ಸಂಸ್ಕೃತದಲ್ಲಿ ಇಂದು ಒಂದೇ ಆಗಿವೆ, ಮೂಲದಲ್ಲಿಯೂ ಒಂದೇ ಆಗಿದ್ದವು. ಪ್ರಾಚೀನ ಇರಾನಿನ ಧರ್ಮಗ್ರಂಥವಾದ ಅವೆಸ್ತಾದ ಭಾಷೆಯಲ್ಲಿ ಅವು "ಅಜೈತಿ" ಮತ್ತು "ವಜ್ರ" ಎಂದೇ ಇದ್ದರೂ ಅಲ್ಲಿ ಜಕಾರವನ್ನು ಉರ್ದುವಿನ "ಜಮೀನ್" ಪದದಲ್ಲಿರುವಂತೆ ಸಕಾರದ ಘೋಷರೂಪವಾಗಿ ಉಚ್ಚರಿಸಬೇಕು. ಫಿನ್ನಿಶ್‌ನಲ್ಲಿ ಮಾತ್ರ ವಜ್ರದಲ್ಲಿ ಅದು ಸಕಾರವಾಗಿದೆ, ಅಜತಿಯಲ್ಲಿ ಯಕಾರವಾಗಿದೆ. ಒಂದೇ ಕಾಲದಲ್ಲಿ ಬಂದಿದ್ದರೆ ಎರಡೂ ಒಂದೇ ರೀತಿ ಬದಲಾಗಬೇಕಿತ್ತು. ಆದ್ದರಿಂದ "ಅಯಾ" ಇನ್ನೂ ಹಳೆಯ ಸಾಲ, ಮೂಲದ ಧ್ವನಿ ಸಕಾರದ ಕಡೆಗೆ ವಾಲುವ ಮೊದಲೇ, ತಾಲವ್ಯ ಗಕಾರದಂತಿದ್ದಾಗಲೇ ಅದು ದಾಟಿತು, ಗ, ದ, ಬಗಳಂಥ ಘೋಷಾಕ್ಷರಗಳಿಲ್ಲದಿದ್ದ ಯುರಾಲಿಕ್ ಬಾಯಲ್ಲಿ ಅದಕ್ಕೆ ಹತ್ತಿರವಿದ್ದ ಯಕಾರವಾಯಿತು ಎಂದು ವಾದಿಸುವವರಿದ್ದಾರೆ. ದಾಟಿದ್ದು ಇಂಡೋ-ಇರಾನಿಯನ್ ಹಂತದಿಂದಲೋ ಅದಕ್ಕೂ ಹಿಂದಿನ ಇಂಡೋ-ಯೂರೋಪಿಯನ್ ಹಂತದಿಂದಲೋ ಎಂಬುದರಲ್ಲಿ ಒಮ್ಮತವಿಲ್ಲ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ. ಹೋಲಿಕೆಯನ್ನು ಕೆಡಿಸುತ್ತದೆಂದು ನಾನು ಅಂಜಿದ್ದ ಅಕ್ಷರವೇ ಅದರ ವಯಸ್ಸನ್ನು ಹೇಳುವ ಸಾಕ್ಷಿಯಾಗಿ ನಿಂತಿತು.

ಇಷ್ಟನ್ನು ಓದಿದ ಮೇಲೆ ನನ್ನ ಮನಸ್ಸು ಯಾದಗಿರಿ ಜಿಲ್ಲೆಯ ನಮ್ಮ ಹಳ್ಳಿಗೆ, ಭೀಮಾ ನದಿಯ ದಂಡೆಯ ಕರಿ ಮಣ್ಣಿಗೆ ಹೋಯಿತು. ನಮ್ಮ ಮುತ್ಯಾನ ಗಾಡಿಯ ಎತ್ತುಗಳು ಊರಿಗೇ ಗೊತ್ತಿದ್ದ ಜೋಡಿ. ಮುತ್ಯಾ "ಗಾಡಿ ಹೊಡಿ" ಎನ್ನುತ್ತಿದ್ದನು, "ಗಳೆ ಹೊಡಿ" ಎನ್ನುತ್ತಿದ್ದನು, ಬೆಳಗಾದರೆ "ದನಾ ಹೊಡ್ಕೊಂಡು ಹೋಗ್ರಿ" ಎಂದು ನಮ್ಮನ್ನು ಎಬ್ಬಿಸುತ್ತಿದ್ದನು. ಅವನು ಎತ್ತನ್ನು ಹೊಡೆದದ್ದನ್ನು ನಾನು ಎಂದೂ ನೋಡಲಿಲ್ಲ, ಬಾರಕೋಲು ಗಾಡಿಯ ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು, ನಾಲಿಗೆಯಿಂದ ಒಂದು ಸದ್ದು ಮಾಡಿದರೆ ಅವು ನಡೆಯುತ್ತಿದ್ದವು. ಆದರೂ ಕ್ರಿಯಾಪದ ಹೊಡೆಯೇ. ಪ್ರಾಣಿಯನ್ನು ಮುನ್ನಡೆಸುವ ಕೆಲಸಕ್ಕೆ ಪೆಟ್ಟಿನ ಅರ್ಥದ ಪದವನ್ನು ಬಳಸುವುದು ನಮ್ಮದೊಂದೇ ಭಾಷೆಯಲ್ಲ. ಆ ಕಾರ್ಡಿನ ಮೇಲಿದ್ದ ಸ್ವೀಡಿಷ್ ಹೆಸರಿನಲ್ಲಿರುವ ಕ್ರಿಯಾಪದದ ಹಳೆಯ ನಾರ್ಸ್ (ಸ್ಕ್ಯಾಂಡಿನೇವಿಯದ ಪ್ರಾಚೀನ ನುಡಿ) ರೂಪಕ್ಕೂ ಚಾಟಿಯಿಂದ ಹೊಡೆ, ಕುದುರೆಯನ್ನು ನಡೆಸು ಎಂಬ ಎರಡೂ ಅರ್ಥಗಳಿದ್ದವು. ಸಂಸ್ಕೃತದ ಅಜ ಧಾತುವಿನ ಪಕ್ಕದಲ್ಲಿ "ಕ್ಷೇಪಣ" ಎಂಬ ಅರ್ಥ ಕುಳಿತದ್ದೂ ಹೀಗೆಯೇ ಇರಬೇಕೆಂದು ನನಗೆ ತೋರುತ್ತದೆ.

ಅಜ ಧಾತು ಕನ್ನಡಕ್ಕೆ ಕ್ರಿಯಾಪದವಾಗಿ ಬರಲಿಲ್ಲ, ಆದರೆ ಒಂದು ನಾಮಪದದ ಹೊಟ್ಟೆಯಲ್ಲಿ ಅಡಗಿ ಬಂದಿದೆ. ಸಮ್ ಎಂಬ ಉಪಸರ್ಗದೊಡನೆ ಸೇರಿದಾಗ ಪಶುಗಳ ವಿಷಯದಲ್ಲಿ ಅದು "ಸಮಜ" ಆಗುತ್ತದೆಂದು ಪಾಣಿನಿ ಪ್ರತ್ಯೇಕ ಸೂತ್ರವನ್ನೇ ಬರೆದಿದ್ದಾನೆ. ಸಮಜ ಎಂದರೆ ಒಟ್ಟಿಗೆ ಹೊಡೆದುಕೊಂಡು ಹೋಗುವ ದನದ ಹಿಂಡು. ಮನುಷ್ಯರು ಕೂಡಿದರೆ ಸ್ವರ ದೀರ್ಘವಾಗಿ "ಸಮಾಜ". ಕಲಬುರಗಿಯ ಯಾವ ಬೀದಿಯಲ್ಲಿ ನಡೆದರೂ ಒಂದಲ್ಲ ಒಂದು ಸಮಾಜದ ಕಲ್ಯಾಣ ಮಂಟಪದ ಫಲಕ ಕಣ್ಣಿಗೆ ಬೀಳುತ್ತದೆ. ಆ ಫಲಕಗಳ ಪದದಲ್ಲಿಯೂ ನನ್ನ ಅಣ್ಣನ ಮಗನ ಕಾರ್ಡಿನ ಪದದಲ್ಲಿಯೂ ಇರುವುದು ಒಂದೇ ಬೇರು ಎಂದು ತಿಳಿದ ದಿನ ನಾನು ಸಂಜೆಯವರೆಗೂ ಬೇರೆ ಕೆಲಸ ಮಾಡಲಾಗದೆ ಕುಳಿತಿದ್ದೆ.

ಒಂದು ಭಾಷೆ ಇನ್ನೊಂದರಿಂದ ನಾಮಪದವನ್ನು ಪಡೆಯುವುದು ಸುಲಭ. ವಸ್ತು ಬಂದರೆ ಹೆಸರೂ ಅದರ ಬೆನ್ನಿಗೆ ಬರುತ್ತದೆ. ಬಂಧುತ್ವದ ಹೆಸರುಗಳೂ ಬರುತ್ತವೆ: ಫಿನ್ನಿಶ್‌ನಲ್ಲಿ ತಾಯಿಗೆ ಹೇಳುವ ಪದವೇ ಜರ್ಮಾನಿಕ್ ಸಾಲ, ನಮ್ಮಲ್ಲಿ ಚಿಕ್ಕಪ್ಪನಿಗೆ ಹೇಳುವ ಕಾಕಾ ಮರಾಠಿ ಮತ್ತು ಹಿಂದಿಗಳ ಕಡೆಯದು. ಕ್ರಿಯಾಪದ ಹಾಗಲ್ಲ. ಅದು ಬಂದ ಮನೆಯ ಕಾಲ, ಪುರುಷ, ವಚನಗಳ ಪ್ರತ್ಯಯಗಳನ್ನೆಲ್ಲ ಹೊರಬೇಕು. ಆದ್ದರಿಂದ ಹೆಚ್ಚಿನ ಭಾಷೆಗಳು ಹೊರಗಿನ ಕ್ರಿಯಾಪದಕ್ಕೆ ಬಾಗಿಲಲ್ಲಿಯೇ ಒಂದು ಮುದ್ರೆ ಒತ್ತಿ ಒಳಗೆ ಬಿಡುತ್ತವೆ. ಇದನ್ನು ನೋಡಲು ನಮ್ಮ ಭಾಗಕ್ಕಿಂತ ಒಳ್ಳೆಯ ಸ್ಥಳ ಇನ್ನೊಂದಿರಲಾರದು. 1347ರಲ್ಲಿ ಬಹಮನಿ ಅರಸರು ಇಲ್ಲಿ ರಾಜಧಾನಿ ಮಾಡಿದಾಗಿನಿಂದ 1948ರಲ್ಲಿ ನಿಜಾಮರ ಆಡಳಿತ ಮುಗಿಯುವವರೆಗೆ, ಆರು ನೂರು ವರ್ಷ, ಕಚೇರಿಯ ಭಾಷೆ ಹೆಚ್ಚಾಗಿ ಫಾರಸಿ, ಅನಂತರ ಉರ್ದು. ಬೀದರದ ಕಡೆ ಮರಾಠಿಯೂ ತೆಲುಗೂ ಅದಕ್ಕೆ ಸೇರಿದವು. ಮುತ್ಯಾ ತಹಸೀಲಿಗೆ ಹೋಗಿ ಅರ್ಜಿ ಗುಜರಾಯಿಸುತ್ತಿದ್ದನು, ಸಾಹುಕಾರ ದಬಾಯಿಸುತ್ತಿದ್ದನು, ಹಿರಿಯರು ಕುಳಿತು ಸಮಜಾಯಿಸುತ್ತಿದ್ದರು, ಪಂಚರು ಠರಾಯಿಸುತ್ತಿದ್ದರು.

ಈ ಪದಗಳ ಕಟ್ಟಡವನ್ನು ನೋಡಿರಿ. ಹಿಂದುಸ್ತಾನಿಯ "ಚಲಾನಾ" ಎಂಬುದರಿಂದ ಕೊನೆಯ "ನಾ" ಉದುರಿ "ಚಲಾ" ಉಳಿಯುತ್ತದೆ, ನಡುವೆ ಯಕಾರ ಬಂದು "ಇಸು" ಸೇರುತ್ತದೆ, ಚಲಾಯಿಸು ಸಿದ್ಧವಾಗುತ್ತದೆ. "ಚಲಾ" ಎಂಬುದೇ ಅಲ್ಲಿ ಪ್ರೇರಣಾರ್ಥಕ, ನಡೆಸು ಎಂಬ ಅರ್ಥದ್ದು. ಅದರ ಮೇಲೆ ಕನ್ನಡದ ಪ್ರೇರಣಾರ್ಥಕ ಇಸು ಮತ್ತೊಮ್ಮೆ ಬಂದಿದೆ. ಹಾಗಾದರೆ ಅರ್ಥ "ನಡೆಯಿಸುವಂತೆ ಮಾಡು" ಎಂದಾಗಬೇಕಿತ್ತು, ಆಗಿಲ್ಲ. "ಜನ ಜಮಾಯಿಸಿದರು", "ಅವನು ದೌಡಾಯಿಸಿದನು" ಎಂಬಲ್ಲಿಯಂತೂ ಯಾರೂ ಯಾರಿಂದಲೂ ಏನನ್ನೂ ಮಾಡಿಸುತ್ತಿಲ್ಲ. ತಾವೇ ಕೂಡಿದ್ದಾರೆ, ತಾನೇ ಓಡಿದ್ದಾನೆ. ಅಂದರೆ ಇಂಥ ಪದಗಳಲ್ಲಿ ಇಸು ಪ್ರೇರಣೆಯ ಅರ್ಥವನ್ನು ಬಿಟ್ಟುಕೊಟ್ಟು, "ಇದು ಇನ್ನು ಮೇಲೆ ಕನ್ನಡದ ಕ್ರಿಯಾಪದ" ಎಂದು ಹೇಳುವ ಮುದ್ರೆಯಷ್ಟೇ ಆಗಿದೆ. ಪಾಠ ಹೇಳುವಾಗ ಇಸು ಪ್ರತ್ಯಯವನ್ನು ಪ್ರೇರಣಾರ್ಥಕವೆಂದು ಒಂದೇ ಸಾಲಿನಲ್ಲಿ ಮುಗಿಸುವುದು ರೂಢಿಯಲ್ಲಿದೆ, ಅದು ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿಂದ ಹೆಚ್ಚು ದೂರವಿಲ್ಲದ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ರಾಷ್ಟ್ರಕೂಟರ ರಾಜಧಾನಿಯಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡ ಸಂಸ್ಕೃತಗಳನ್ನು ಸಮಾಸದಲ್ಲಿ ಅರಿಯದೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಎಚ್ಚರಿಸಿತ್ತು. ಸಮಾಸಕ್ಕೆ ಹೇಳಿದ ಆ ಮಾತು ಕ್ರಿಯಾಪದಕ್ಕೆ ತಾಗಲಿಲ್ಲ. ಇಸು ಎಂಬ ಹೆಪ್ಪು ಬಿದ್ದರೆ ಎಲ್ಲಿಯ ಹಾಲಾದರೂ ಕನ್ನಡದ ಮೊಸರಾಗುತ್ತ ಬಂದಿದೆ.

ಫಿನ್ನಿಶ್‌ನಲ್ಲಿಯೂ ಇಂಥ ಮುದ್ರೆ ಇದೆ. ಬಣ್ಣ ಬಳಿಯುವುದಕ್ಕೆ ಸ್ವೀಡಿಷಿನಿಂದ ಪಡೆದ ಕ್ರಿಯಾಪದ ಅಲ್ಲಿ "ಮಾಲತ" ಆಗಿದೆ. ಅಂತರ್ಜಾಲದಲ್ಲಿ ಹುಡುಕುವುದಕ್ಕೆ ನಾವು "ಗೂಗಲ್ ಮಾಡು" ಎಂದರೆ ಅವರು "ಗೂಗ್ಲತ" ಎನ್ನುತ್ತಾರೆ. ಆ "ಅತ" ನಮ್ಮ ಇಸು ಇದ್ದಂತೆ. ಆದರೆ "ಅಯಾ"ಕ್ಕೆ ಅಂಥ ಯಾವ ಮುದ್ರೆಯೂ ಇಲ್ಲ. ಕೊಡು ಎಂಬ ಅರ್ಥದ ಅಪ್ಪಟ ಯುರಾಲಿಕ್ ಕ್ರಿಯಾಪದ "ಅಂತಾ". ಕೊಟ್ಟನು ಎಂಬುದಕ್ಕೆ "ಅಂತೊಯ್", ನಡೆಸಿದನು ಎಂಬುದಕ್ಕೆ "ಅಯೊಯ್". ಒಂದೇ ಅಚ್ಚು. ಅಷ್ಟು ಹಿಂದೆ, ಮುದ್ರೆಯ ಅಗತ್ಯವೇ ಬೀಳದಂತೆ, ಧಾತು ಇದ್ದಂತೆಯೇ ಒಳಗೆ ಬಂದು ನೆಲೆಸಿದೆ. ಕನ್ನಡದಲ್ಲಿ ಹೊರಗಿನಿಂದ ಬಂದ ಕ್ರಿಯಾಪದಗಳನ್ನು ನಾನು ಗಮನಿಸಿದ ಮಟ್ಟಿಗೆ, ಅವು ಇಸು ಎಂಬುದನ್ನೋ ಮಾಡು ಎಂಬುದನ್ನೋ ಹೊತ್ತೇ ತಿರುಗುತ್ತವೆ. ಮುದ್ರೆ ಇಲ್ಲದ್ದೊಂದು ದೊರೆತೀತೇ ಎಂದು ಈಗ ಹಳೆಯ ನಿಘಂಟನ್ನು ಅಕಾರದಿಂದ ತಿರುವಿಹಾಕುತ್ತಿದ್ದೇನೆ.

"ಅಯಾ" ಎಷ್ಟು ಒಳಗೆ ಇಳಿದಿದೆ ಎಂಬುದಕ್ಕೆ ಇನ್ನೊಂದು ಸಾಕ್ಷಿಯನ್ನು ಹೇಳಲೇಬೇಕು. ಯೋಚಿಸು ಎಂಬುದಕ್ಕೆ ಫಿನ್ನಿಶ್‌ನಲ್ಲಿ "ಅಯತೆಲ್ಲ" ಎನ್ನುತ್ತಾರೆ, ಆಲೋಚನೆಗೆ "ಅಯತುಸ್". ಎರಡೂ "ಅಯಾ"ದಿಂದಲೇ ಹುಟ್ಟಿದವು. ಮತ್ತೆ ಮತ್ತೆ ಅಟ್ಟುವುದು, ಬೇಟೆಯನ್ನು ಬೆನ್ನು ಬಿಡದೆ ಹಿಂಬಾಲಿಸುವುದು, ಹಾಗೆಯೇ ಮನಸ್ಸಿನಲ್ಲಿ ಒಂದನ್ನು ಹಿಂಬಾಲಿಸುವುದು. ಬೇಟೆಯ ನಾಯಿಯ ಹೆಸರಿನಲ್ಲಿಯೂ ಅವರಿಗೆ ಇದೇ ಪದವಿದೆ. ಅಜತಿಯ ಲ್ಯಾಟಿನ್ ಸೋದರ ಧಾತುವಿನಲ್ಲಿಯೂ ಇದೇ ನಡೆದಿದೆ: ಯೋಚಿಸು ಎಂಬ ಅರ್ಥದ ಲ್ಯಾಟಿನ್ ಪದ, ಒಟ್ಟಿಗೆ ಅಟ್ಟು ಎಂಬುದರಿಂದಲೇ ಬಂದದ್ದು. ಒಂದನ್ನೊಂದು ನೋಡದೆ ಎರಡು ಭಾಷೆಗಳು ಒಂದೇ ಬೇರಿನಿಂದ ಒಂದೇ ದಾರಿ ಹಿಡಿದು ಒಂದೇ ಅರ್ಥವನ್ನು ಮುಟ್ಟಿವೆ. ನಾವು "ಜರಾ ತೆಲಿ ಓಡ್ಸು" ಎನ್ನುತ್ತೇವೆ, ಕಲಬುರಗಿಯ ಪೇಟೆಯಲ್ಲಿ "ದಿಮಾಗ್ ಚಲಾಸು" ಎನ್ನುತ್ತಾರೆ. ಯೋಜನೆ ಎಂಬ ಪದದ ಬೇರೂ ನೊಗಕ್ಕೆ ಹೂಡುವುದೇ.

ಇದನ್ನೆಲ್ಲ ಅಣ್ಣನ ಮಗನಿಗೆ ಉದ್ದನೆಯ ಪತ್ರವಾಗಿ ಬರೆದು ಕಳುಹಿಸಿದೆ. ಕೊನೆಯಲ್ಲಿ, "ನಿನ್ನ ಕಾರ್ಡಿನ ಮ್ಯಾಗಿನ ಮಾತು ಬ್ಯಾರೆ, ಮುತ್ಯಾನ ಮಾತು ಬ್ಯಾರೆ. ಕೆಲಸ ಮಾತ್ರ ಒಂದೇ, ದನಾ ಹೊಡ್ಕೊಂಡು ಹೋಗೂದು" ಎಂದು ಸೇರಿಸಿದ್ದೆ. ಹದಿನೈದು ದಿನಗಳ ಮೇಲೆ ಅವನು ಫಿನ್ಲೆಂಡಿನ ಉತ್ತರದ ಹಿಮದ ನಾಡಿನಿಂದ ಒಂದು ವಿಡಿಯೊ ಕಳುಹಿಸಿದನು. ಹಿಮಸಾರಂಗ ಹೂಡಿದ ಜಾರುಬಂಡಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಜಾಗ ಅದು, ಹಲಗೆಯ ಮೇಲೆ "ಪೊರೊಅಯೆಲು" ಎಂದು ಬರೆದಿತ್ತು. ಪೊರೊ ಎಂದರೆ ಹಿಮಸಾರಂಗ, ಉಳಿದದ್ದು ಅದೇ "ಅಯಾ". ಪದಕ್ಕೆ ಸುತ್ತು ಹಾಕಿ ತೋರಿಸಿದ್ದನು. ನಾನು ವಿಡಿಯೊವನ್ನು ಎರಡು ಮೂರು ಸಲ ನೋಡಿದೆ. ಬಂಡಿಯ ಮುಂದೆ ನಡೆಯುತ್ತಿದ್ದ ಮುದುಕನ ಕೈಯಲ್ಲಿ ಹಗ್ಗವೊಂದೇ ಇತ್ತು, ಬಾರಕೋಲು ಇರಲಿಲ್ಲ.